ಕ್ಷೌರದ ಕತ್ತಿಗೆ ಹೊಸ ಹಿಡಿ: ಅಲಗು ಪಕ್ಕಕ್ಕೆ ವಾಲಿದರೆ ದೋಷ ಎಲ್ಲಿದೆ?

ಹಳೆಯ ಕ್ಷೌರದ ಕತ್ತಿಗೆ ಬೀಟೆಯದ್ದೋ ಕೊಂಬಿನದ್ದೋ ಹೊಸ ಹಿಡಿ ಮಾಡಿ, ಪಿನ್ ಬಡಿದು, ಮಡಚಿ ನೋಡಿದರೆ ಅಲಗು ಒಂದು ಪಕ್ಕಕ್ಕೆ ಉಜ್ಜುತ್ತಿದೆ. ಹಿಡಿ ಮಾಡುವವರ ದೂರುಗಳಲ್ಲಿ ಮೊದಲನೆಯದು ಇದೇ. ಆಗ ಕೈ ತಾನಾಗಿಯೇ ಸುತ್ತಿಗೆಗೆ ಹೋಗುತ್ತದೆ. ಪಿನ್ನಿನ ತಲೆಗೆ ಇನ್ನೆರಡು ಏಟು ಬಿದ್ದರೆ ಅಲಗು ನಡುವಿಗೆ ಬಂದೀತು ಎಂಬ ಆಸೆ. ಬರುವುದಿಲ್ಲ. ಕೀಲು ಬಿಗಿಯಾಗುತ್ತದೆ, ಪಟ್ಟಿ ಸೀಳುವ ದಿನ ಹತ್ತಿರವಾಗುತ್ತದೆ, ಅಷ್ಟೆ. ಈ ದೋಷ ಕಾಣಿಸುವುದು ಕೀಲಿನಲ್ಲಾದರೂ ಹುಟ್ಟುವುದು ಹೆಚ್ಚಿನ ಸಲ ಬೇರೆ ಕಡೆ: ಹಿಡಿಯ ಇನ್ನೊಂದು ತುದಿಯ ಬೆಣೆಯಲ್ಲಿ, ಪಟ್ಟಿಗಳ ದಪ್ಪದಲ್ಲಿ, ಇಲ್ಲವೇ ತೂತು ಕೊರೆದ ಹೊತ್ತಿನಲ್ಲಿ. ಹಾಗಾಗಿ ಸುತ್ತಿಗೆ ಪಕ್ಕಕ್ಕಿಟ್ಟು, ಮೊದಲು ನೋಡುವುದನ್ನು ನೋಡೋಣ.

ಮುಂದೆ ಬಳಸುವ ಹೆಸರುಗಳು ಇವು. ಹಿಡಿಯ ಎರಡು ಪಕ್ಕದ ತೆಳು ಹಲಗೆಗಳು ಪಟ್ಟಿಗಳು. ಕತ್ತಿ ಮಾರುವವರು ಸ್ಕೇಲ್ ಎನ್ನುವುದು ಇವನ್ನೇ. ಅಲಗಿನ ಹಿಂದೆ, ಧಾರೆಯಿಲ್ಲದ ಗಟ್ಟಿ ಭಾಗ ಬುಡ. ಬುಡದ ತೂತಿನಲ್ಲಿ ಹಾಯುವ ಕಡ್ಡಿ ಕೀಲು ಪಿನ್. ಹಿಡಿಯ ಇನ್ನೊಂದು ತುದಿ ಬಾಲ. ಅಲ್ಲಿ ಎರಡು ಪಟ್ಟಿಗಳ ನಡುವೆ ಕೂರುವ ತುಂಡು ಬೆಣೆ. ಅಲಗಿನ ದಪ್ಪ ಅಂಚು ಬೆನ್ನು, ಹರಿತದ ಅಂಚು ಬಾಯಿ. ಪಿನ್ನಿಗೆ ಸಾಮಾನ್ಯವಾಗಿ 1.6 ಮಿ.ಮೀ. ಹಿತ್ತಾಳೆ ಕಡ್ಡಿ ಬಳಸುತ್ತಾರೆ. ಅದು ಸಿಗದ ಊರಿನಲ್ಲಿ ಗ್ಯಾಸ್ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬೆಸುಗೆಗೆ ಮಾರುವ ಅದೇ ದಪ್ಪದ ಕಡ್ಡಿ ಕೇಳಿ. ಅದು ತುಸು ಗಡಸು. ಮಂದ ಕೆಂಪಾಗುವವರೆಗೆ ಕಾಯಿಸಿ ಆರಿಸಿದರೆ ಬಡಿತಕ್ಕೆ ಬಗ್ಗುತ್ತದೆ.

ನಮ್ಮ ಸಲೂನುಗಳಲ್ಲಿ ಈಗ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯದೇ ಓಡಾಟ. ಹೊಸ ಹಿಡಿ ಬೇಡುವುದು ಯಾರದೋ ಹಡಪದಲ್ಲೋ ಅಜ್ಜನ ಟ್ರಂಕಿನಲ್ಲೋ ಉಳಿದುಕೊಂಡ ಇಂಗ್ಲೆಂಡಿನ ಶೆಫೀಲ್ಡಿನ, ಜರ್ಮನಿಯ ಜೋಲಿಂಗನ್ನಿನ ಹಳೆಯ ಕತ್ತಿಗಳು. ಅವುಗಳ ಬುಡದ ದಪ್ಪ, ತೂತಿನ ಅಗಲ, ಅಲಗಿನ ನೇರ ಯಾವುದೂ ಒಂದರಂತೆ ಇನ್ನೊಂದಿಲ್ಲ. ಯಾರದೋ ಕತ್ತಿಯ ಅಳತೆಯನ್ನು ನಿಮ್ಮದಕ್ಕೆ ತರಬೇಡಿ. ಮತ್ತೆ, ಕೆಳಗಿನ ಯಾವ ಪರೀಕ್ಷೆಗೂ ಮೊದಲು ಅಲಗಿನ ಬಾಯಿಗೆ ಎರಡು ಸುತ್ತು ಟೇಪ್ ಹಾಕಿ. ಮೊಂಡು ಕತ್ತಿಯೆಂದು ಸಲುಗೆ ಬೇಡ, ಮೊಂಡು ಕತ್ತಿಯೂ ಬೆರಳು ಕೊಯ್ಯುತ್ತದೆ.

ಮೂರು ನಿಲುವಿನ ಪರೀಕ್ಷೆ

ಅಲಗು ಒಂದು ಕಡೆಗೆ ವಾಲುತ್ತಿದೆ ಎಂದಷ್ಟೇ ತಿಳಿದರೆ ಏನೂ ತಿಳಿದಂತಲ್ಲ. ಯಾವ ನಿಲುವಿನಲ್ಲಿ ಯಾವ ಕಡೆಗೆ ಎಂಬುದು ಬೇಕು. ಹಿಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು, ಬೆನ್ನಿನ ಕಡೆಯಿಂದ ಉದ್ದಕ್ಕೆ ನೋಡಿ. ಒಂದು ಪಟ್ಟಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ತಿರುಗಿಸುವಾಗ ಎಡಬಲ ಮರೆತುಹೋಗುತ್ತದೆ. ಮೊದಲು ಮಡಚಿ ನೋಡಿ, ಆಮೇಲೆ ಅಲಗನ್ನು ಹಿಡಿಗೆ ನೇರ ಗೆರೆಯಾಗುವಂತೆ ಪೂರ್ತಿ ಬಿಡಿಸಿ ನೋಡಿ, ಕೊನೆಗೆ ಕಾಟಕೋನಕ್ಕೆ, ಅಂದರೆ 90 ಡಿಗ್ರಿಗೆ, ನಿಲ್ಲಿಸಿ ನೋಡಿ.

ಮೂರೂ ನಿಲುವಿನಲ್ಲಿ ಗುರುತಿನ ಪಟ್ಟಿಯ ಕಡೆಗೇ ವಾಲಿದರೆ ದೋಷ ಕತ್ತಿಯದು. ಅಲಗು ಸೊಟ್ಟಗಿದೆ ಅಥವಾ ಬುಡದ ತೂತು ಓರೆಯಾಗಿದೆ. ಅಲಗು ಎತ್ತ ತಿರುಗಿದರೂ ತನ್ನ ಸೊಟ್ಟನ್ನು ಜೊತೆಗೇ ಒಯ್ಯುತ್ತದೆ, ಅದಕ್ಕೇ ಕಡೆ ಬದಲಾಗುವುದಿಲ್ಲ.

ಮಡಚಿದಾಗ ಗುರುತಿನ ಪಟ್ಟಿಯ ಕಡೆಗೆ, ಬಿಡಿಸಿದಾಗ ಎದುರು ಪಟ್ಟಿಯ ಕಡೆಗೆ, ಕಾಟಕೋನದಲ್ಲಿ ನೆಟ್ಟಗೆ ಕಂಡರೆ ಕತ್ತಿ ನಿರಪರಾಧಿ, ತಪ್ಪು ಹಿಡಿಯದು. ಕೀಲಿನ ತೂತು ಹಿಡಿಯ ಉದ್ದದ ದಿಕ್ಕಿನಲ್ಲಿ ಓರೆಯಾಗಿದೆ, ಇಲ್ಲವೇ ಹಿಡಿಯೇ ಬಾಲದ ಕಡೆ ಒಂದು ಪಕ್ಕಕ್ಕೆ ಬಾಗಿದೆ. ಇವೆರಡನ್ನು ಬೇರೆ ಮಾಡಲು ಬುಡವನ್ನು ದೀಪಕ್ಕೆ ಹಿಡಿಯಿರಿ. ಬುಡಕ್ಕೂ ಪಟ್ಟಿಗೂ ನಡುವೆ ಒಂದು ತುದಿಯಲ್ಲಿ ಬೆಳಕು ಹಾದು ಇನ್ನೊಂದು ತುದಿಯಲ್ಲಿ ಮುಚ್ಚಿದ್ದರೆ ತೂತು ಓರೆ. ಎರಡೂ ಕಡೆ ಸಮನಾಗಿ ಕೂತಿದ್ದರೆ ಬೆಣೆಯ ಕಡೆ ನಡೆಯಿರಿ.

ಕಾಟಕೋನದಲ್ಲಿ ಮಾತ್ರ ವಾಲಿ, ಉಳಿದೆರಡರಲ್ಲಿ ನೆಟ್ಟಗಿದ್ದರೆ ತೂತು ಹಿಡಿಯ ಅಗಲದ ದಿಕ್ಕಿನಲ್ಲಿ ಓರೆ. ಮಡಚಿದಾಗ ತೊಂದರೆ ಕೊಡದು. ನಾನಾದರೆ ಇದನ್ನು ಹಾಗೇ ಬಿಡುತ್ತೇನೆ.

ಓರೆ ಎಂದರೆ ಎಷ್ಟು? ಕೀಲಿನಿಂದ ಅಲಗಿನ ತುದಿಗೆ 120 ಮಿ.ಮೀ. ಇದ್ದರೆ, ತೂತಿನಲ್ಲಿ 1 ಡಿಗ್ರಿ ಓರೆಯಾದರೂ ತುದಿ 2 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಬೆಣೆಯ ಹತ್ತಿರ ಪಟ್ಟಿಗಳ ನಡುವಿನ ಜಾಗವೇ ಹೆಚ್ಚೆಂದರೆ 3 ಮಿ.ಮೀ. ಆಸುಪಾಸು. ಅಂದರೆ ಆ ಒಂದು ಡಿಗ್ರಿಗೆ ಅಲಗು ಪಟ್ಟಿಗೆ ತಗುಲಿಯೇ ತೀರುತ್ತದೆ. ಕೈ ಡ್ರಿಲ್ಲಿನಲ್ಲಿ 1.6 ಮಿ.ಮೀ. ಬಿಟ್ ಮರದ ಎಳೆಗೆ ಸಿಕ್ಕಿ ಬಾಗುವುದು ಸಹಜ. ಸ್ಟ್ಯಾಂಡಿನ ಡ್ರಿಲ್ ಇಲ್ಲದಿದ್ದರೆ ಪಕ್ಕದ ವರ್ಕ್‌ಶಾಪಿನಲ್ಲಿ ಒಂದು ತೂತು ಹಾಕಿಸಿಕೊಂಡು ಬರುವುದು ಮರ್ಯಾದೆಗೆ ಕುಂದಲ್ಲ. ಎರಡೂ ಪಟ್ಟಿಗಳನ್ನು ಎರಡಂಟಿನ ಟೇಪಿನಿಂದ ಜೋಡಿಸಿ, ಕೆಳಗೆ ಹಾಳು ಹಲಗೆ ಇಟ್ಟು, ಆಕಾರ ಕೊಡುವ ಮೊದಲೇ ಒಟ್ಟಿಗೆ ಕೊರೆಯಬೇಕು. ಆಕಾರ ಕೊಟ್ಟ ಮೇಲೆ ಪಟ್ಟಿ ಮೇಜಿನ ಮೇಲೆ ಸಮನಾಗಿ ಕೂರುವುದೇ ಇಲ್ಲ, ತೂತು ಓರೆಯಾಗುವುದು ಅಲ್ಲೇ.

ಈಗಾಗಲೇ ಓರೆ ಕೊರೆದಾಗಿದ್ದರೆ ತೂತನ್ನು 3 ಮಿ.ಮೀ.ಗೆ ಹಿಗ್ಗಿಸಿ, ಅದೇ ಮರದ ಕಡ್ಡಿಯನ್ನೋ ಹಿತ್ತಾಳೆಯ ಸಣ್ಣ ಕೊಳವೆಯನ್ನೋ ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಪಿನ್ನಿನ ತಲೆಯಡಿ ಕೂರುವ ವಾಷರಿನ ಕೆಳಗೆ ಗುರುತು ಮುಚ್ಚಿಹೋಗುತ್ತದೆ. ಹಳೆಯ ಕತ್ತಿಗಳಲ್ಲಿ ಬುಡದ ತೂತೇ ಸವೆದು ಅಗಲವಾಗಿರುವುದುಂಟು. ಅದಕ್ಕೂ ಕೊಳವೆಯೇ ಮದ್ದು, ದಪ್ಪ ಪಿನ್ ಅಲ್ಲ.

ಕತ್ತಿಯೇ ಸೊಟ್ಟಗಿದ್ದರೆ ಅದನ್ನು ಬಗ್ಗಿಸಿ ನೆಟ್ಟಗೆ ಮಾಡುವ ಸಾಹಸ ಬೇಡ. ಹದ ಹಾಕಿದ ತೆಳು ಉಕ್ಕು ಬಗ್ಗುವುದಕ್ಕಿಂತ ಮೊದಲು ತುಂಡಾಗುತ್ತದೆ. ಅಲಗಿನ ಸೊಟ್ಟಿಗೆ ಹಿಡಿಯ ಬಾಲವನ್ನೇ ಆ ಕಡೆಗೆ ಒಂಚೂರು ಸರಿಸಬೇಕು. ಮಡಚಿದಾಗ ನಡುವೆ ಕೂತರೆ ಸಾಕು. ಬಿಡಿಸಿದಾಗ ಉಳಿಯುವ ಸಣ್ಣ ವಾಲು ಕ್ಷೌರಕ್ಕೆ ಅಡ್ಡಿಯಲ್ಲ.

ಉಜ್ಜುವ ಪಟ್ಟಿಯನ್ನು ಉಜ್ಜಬೇಡಿ

ಬಾಲ ಸರಿಸುವುದು ಹೇಗೆ ಎಂಬಲ್ಲಿ ಹೆಚ್ಚಿನವರ ಲೆಕ್ಕ ತಲೆಕೆಳಗಾಗುತ್ತದೆ. ಅಲಗು ತಗಲುವ ಪಟ್ಟಿಯ ಒಳಮುಖವನ್ನೇ ಎಮರಿ ಪೇಪರಿನಿಂದ ತೆಳು ಮಾಡಿ ಜಾಗ ಬಿಡಿಸಲು ಹೋಗುತ್ತಾರೆ. ಜಾಗ ಒಂದಿಷ್ಟು ಸಿಗುವುದು ನಿಜ, ಆದರೆ ಪಿನ್ ಬಡಿದ ಮೇಲೆ ಅಲಗು ಮತ್ತೆ ಅದೇ ಪಟ್ಟಿಗೆ, ಮೊದಲಿಗಿಂತ ಜೋರಾಗಿ ಉಜ್ಜುತ್ತದೆ.

ಕಾರಣ ಇದು. ಬುಡದ ದಪ್ಪ 4.5 ಮಿ.ಮೀ., ಬೆಣೆಯದು 2.5 ಎಂದಿಟ್ಟುಕೊಳ್ಳಿ. ಬುಡಕ್ಕೆ ಒತ್ತಿಕೊಂಡ ಎರಡು ಪಟ್ಟಿಗಳು ಬಾಲದ ಕಡೆ ಹತ್ತಿರವಾಗಬೇಕು, ಅಂದರೆ ಬಾಗಲೇಬೇಕು. ಎರಡಕ್ಕೂ ಒಂದೇ ಗಡಸುತನ, ಅಂದರೆ ಬಾಗದೆ ನಿಲ್ಲುವ ಶಕ್ತಿ, ಇದ್ದರೆ ಅರ್ಧರ್ಧ ಬಾಗುತ್ತವೆ, ಅಲಗು ನಡುವಿನಲ್ಲಿ ಉಳಿಯುತ್ತದೆ. ಒಂದು ತೆಳುವಾಗಿದ್ದರೆ ಬಾಗುವ ಕೆಲಸವೆಲ್ಲ ಅದರ ಪಾಲಿಗೆ. ದಪ್ಪ ಪಟ್ಟಿ ನೆಟ್ಟಗೆ ನಿಂತು ಬಾಲವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ತೆಳು ಪಟ್ಟಿ ಒಳಕ್ಕೆ ಬಾಗಿ ಅಲಗಿಗೆ ತಗಲುತ್ತದೆ. ಈ ವ್ಯತ್ಯಾಸ ಸಣ್ಣದೂ ಅಲ್ಲ: ಹಲಗೆಯ ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 3 ಮಿ.ಮೀ. ಪಟ್ಟಿ 2.5 ಮಿ.ಮೀ. ಪಟ್ಟಿಗಿಂತ ಸುಮಾರು 1.7 ಪಟ್ಟು ಗಡಸು. ಅರ್ಧ ಮಿಲಿಮೀಟರ್ ಅಂದರೆ ಕಣ್ಣಿಗೆ ಬೀಳುವ ದಪ್ಪವೇ ಅಲ್ಲ.

ಆದ್ದರಿಂದ ಮೊದಲು ವರ್ನಿಯರ್ ಹಿಡಿದು ಎರಡೂ ಪಟ್ಟಿಗಳ ದಪ್ಪವನ್ನು ಕೀಲಿನ ಹತ್ತಿರ, ನಡುವೆ, ಬೆಣೆಯ ಹತ್ತಿರ ಅಳೆಯಿರಿ. ಆಮೇಲೆ ಅಲಗು ಯಾವ ಪಟ್ಟಿಗೆ ಉಜ್ಜುತ್ತದೋ ಅದರ ಎದುರಿನ ಪಟ್ಟಿಯನ್ನು, ನಡುಭಾಗದಲ್ಲಿ ಮಾತ್ರ, ಒಳಗಿನಿಂದ ಸ್ವಲ್ಪ ಸ್ವಲ್ಪವೇ ತೆಳು ಮಾಡಿ. ಕೀಲಿನ ಮುಖವನ್ನೂ ಬೆಣೆಯ ಮುಖವನ್ನೂ ಮುಟ್ಟಬಾರದು. ಎರಡು ಪಟ್ಟಿಗಳೂ ಒಂದೇ ಹಲಗೆಯಿಂದ, ಎಳೆ ಒಂದೇ ದಿಕ್ಕಿಗೆ ಇರುವಂತೆ ಸೀಳಿದ್ದಾದರೆ ಈ ಕೆಲಸವೇ ಬೀಳುವುದಿಲ್ಲ.

ಬೆಣೆ

ದಪ್ಪ ಸಮ, ತೂತು ನೇರ, ಆದರೂ ಅಲಗು ವಾಲಿದರೆ ಬೆಣೆಯನ್ನು ಬಿಚ್ಚಿ ನೋಡಬೇಕು. ಪಟ್ಟಿಗಳು ಬಾಲದ ಕಡೆ ಹತ್ತಿರವಾಗುತ್ತ ಹೋಗುವುದರಿಂದ ಅಲಗಿನ ಕಡೆ ಕೂದಲೆಳೆಯಷ್ಟು ದಪ್ಪ, ಬಾಲದ ಕಡೆ ತೆಳುವಾಗಿರುವ ಬೆಣೆ ಅವುಗಳ ಓಟಕ್ಕೆ ಹೊಂದುತ್ತದೆ. ತಿರುಗಿಸಿ ಬಾಲದ ಕಡೆ ದಪ್ಪ ಇಟ್ಟರೆ ಪಟ್ಟಿಗಳು ನಡುವೆ ಇನ್ನಷ್ಟು ಒಳಕ್ಕೆ ಬಾಗಿ, ಸ್ಪ್ರಿಂಗಿನಂತೆ ಬುಡವನ್ನು ಒತ್ತುತ್ತವೆ. ಬೇಕೆಂದೇ ಹಾಗೆ ಮಾಡುವವರಿದ್ದಾರೆ, ತಪ್ಪೇನಿಲ್ಲ. ತಪ್ಪಾಗುವುದು ಎರಡು ಮುಖಗಳ ಓರೆ ಸಮನಾಗಿಲ್ಲದಾಗ. ಒಂದು ಮುಖ ಪಿನ್ನಿಗೆ ನೇರವಾಗಿ, ಇನ್ನೊಂದು ಮಾತ್ರ ಓರೆಯಾಗಿ ಇದ್ದರೆ ಪಿನ್ ಬಿಗಿದೊಡನೆ ಒಂದು ಪಟ್ಟಿ ಹೆಚ್ಚು ತಿರುಚಿಕೊಳ್ಳುತ್ತದೆ. ಇನ್ನೊಂದು ಓರೆಯೂ ಉಂಟು: ಬೆನ್ನಿನ ಕಡೆಯ ಅಂಚಿಗಿಂತ ಬಾಯಿಯ ಕಡೆಯ ಅಂಚು ದಪ್ಪವಾಗಿದ್ದರೆ ಪಟ್ಟಿಗಳು ಮೇಲೆ ಮುಚ್ಚಿ ಕೆಳಗೆ ತೆರೆಯುತ್ತವೆ, ಅಲಗು ಒಳಗೆ ಹೋಗಲು ತಿಣುಕುತ್ತದೆ.

ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ ಬೆಣೆಯನ್ನು ಅದರ ಮೇಲೆ ಉಜ್ಜುವುದೇ ಒಳ್ಳೆಯ ದಾರಿ. ಒಂದು ಮುಖಕ್ಕೆ ಎಷ್ಟು ಎಳೆತವೋ ಇನ್ನೊಂದಕ್ಕೂ ಅಷ್ಟೇ. ದಪ್ಪ ಗೊತ್ತುಮಾಡಲು ನಿಜವಾದ ಬೆಣೆ ಬೇಕಿಲ್ಲ. ಹಳೆಯ ಎಟಿಎಂ ಕಾರ್ಡಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು. ಪಿನ್ನಿನ ಬದಲು ಈ ಹಂತದಲ್ಲಿ ಎಂ1.6 ತಿರುಪು, ನಟ್ಟು ಹಾಕಿ. ಕನ್ನಡಕ, ಗಡಿಯಾರ ರಿಪೇರಿಯವರ ಹತ್ತಿರ ಈ ಗಾತ್ರದವು ಇರುತ್ತವೆ. ಹತ್ತು ಸಲ ಬಿಚ್ಚಿ ಕಟ್ಟಬಹುದು, ಒಂದು ಪಿನ್ನೂ ಹಾಳಾಗದು. ಅಲಗು ತಿರುಪಿನಲ್ಲಿ ನಡುವೆ ಕೂರದಿದ್ದರೆ ಪಿನ್ನಿನಲ್ಲಂತೂ ಕೂರುವುದಿಲ್ಲ. ಈ ಪೂರ್ವಜೋಡಣೆಯನ್ನು ಬಿಟ್ಟುಬಿಡುವವರು ಮೇಲಿನ ಮೂರೂ ತೊಂದರೆಗಳನ್ನು ಸುತ್ತಿಗೆ ಹಿಡಿದ ಮೇಲೆ ಕಂಡುಕೊಳ್ಳುತ್ತಾರೆ.

ಪಟ್ಟಿಗಳು ಹತ್ತಿರವಾಗುವ ಕೋನಕ್ಕೆ ತಕ್ಕಂತೆ ಬೆಣೆಯ ತೂತನ್ನು ಓರೆ ಕೊರೆಯಬೇಕೇ ಎಂದು ಕೇಳುವವರಿದ್ದಾರೆ. ಬೇಡ. 130 ಮಿ.ಮೀ. ಉದ್ದದಲ್ಲಿ ಒಂದೊಂದು ಪಟ್ಟಿ ಒಳಕ್ಕೆ ಬರುವುದು 1 ಮಿ.ಮೀ., ಅರ್ಧ ಡಿಗ್ರಿಗೂ ಕಡಿಮೆ. ಪಿನ್ನಿನ ತೂತಿನ ಸಡಿಲವೇ ಅದನ್ನು ನುಂಗುತ್ತದೆ.

ಅಲಗು ಆಳಕ್ಕೆ ಇಳಿದರೆ

ಮಡಚಿದಾಗ ಅಲಗನ್ನು ತಡೆದು ನಿಲ್ಲಿಸುವುದು ಬೆನ್ನು. 19 ಮಿ.ಮೀ. ಅಗಲದ ಅಲಗಿನ ಬೆನ್ನು ಸುಮಾರು 5 ಮಿ.ಮೀ. ದಪ್ಪ ಇರುತ್ತದೆ, ಪಟ್ಟಿಗಳ ನಡುವಿನ ಜಾಗ ಅದಕ್ಕಿಂತ ಕಡಿಮೆ ಇದ್ದರೆ ಬೆನ್ನು ಮೇಲೆಯೇ ಸಿಕ್ಕಿಕೊಳ್ಳುತ್ತದೆ. ಬೆಣೆ ದಪ್ಪವಾದರೆ ಜಾಗ ಹೆಚ್ಚಾಗಿ ಅಲಗು ತೂರಿಕೊಂಡು ಹೋಗಿ ಬಾಯಿ ಕೆಳಗಿನಿಂದ ಹೊರಗೆ ಇಣುಕುತ್ತದೆ. ಕಿಸೆಗೋ ಚೀಲಕ್ಕೋ ಕೈ ಹಾಕಿದವರ ಗತಿ ಹೇಳಬೇಕಿಲ್ಲ. ಈ ದೋಷ ಕಂಡ ಕತ್ತಿಯನ್ನು ಬಳಕೆಗೆ ಕೊಡಬಾರದು. ಬೆಣೆ ತೆಳು ಮಾಡಿ. ಪಟ್ಟಿಗಳ ಅಗಲವೇ ಕಡಿಮೆಯಾಗಿದ್ದರೆ ಹೊಸ ಪಟ್ಟಿ ಮಾಡಿ, ಅಡ್ಡದಾರಿ ಇಲ್ಲ. ಅಲಗಿನ ತುದಿ ಬೆಣೆಗೆ ಬಡಿಯುತ್ತಿದ್ದರೆ ಕೀಲಿನಿಂದ ತುದಿಗೆ ಅಳೆಯುವಾಗ ಎಲ್ಲೋ ತಪ್ಪಿದೆ, 5 ಮಿ.ಮೀ. ಆದರೂ ಬಿಡುವು ಇರಬೇಕು.

ಕೀಲು ಬಿಗಿ, ಕೀಲು ಸಡಿಲ

ಪಿನ್ನಿನ ತುದಿ ವಾಷರಿನ ಮೇಲೆ ಒಂದೊಂದು ಕಡೆ ಸುಮಾರು 0.8 ಮಿ.ಮೀ., ಅಂದರೆ ಕಡ್ಡಿಯ ಅರ್ಧ ದಪ್ಪದಷ್ಟು, ಎದ್ದಿರಬೇಕು. ಹೆಚ್ಚು ಬಿಟ್ಟರೆ ತಲೆ ಕಟ್ಟುವ ಬದಲು ಕಡ್ಡಿ ಒಳಗೇ ಬಾಗುತ್ತದೆ. ಹಾಗೆ ಬಾಗಿದ ಪಿನ್ನಿನಲ್ಲಿ ಅಲಗು ಒಂದು ನಿಲುವಿನಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ಇದೇ ಲಕ್ಷಣ ಬುಡದ ತೂತಿನ ಸುತ್ತ ಚೂಪು ಅಂಚು ಎದ್ದಿದ್ದರೂ ಬರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ.

ಸುತ್ತಿಗೆ ನೂರು ಗ್ರಾಮಿನ ಸುತ್ತಮುತ್ತ ತೂಗುವ ಗುಂಡುಮೂತಿಯದು. ಕೆಳಗೆ ನುಣುಪಾದ ಉಕ್ಕಿನ ತುಂಡು. ಏಟು ತಲೆಯ ನಡುವಿಗಲ್ಲ, ಅಂಚಿಗೆ, ಸುತ್ತಲೂ, ಸದ್ದು ಕೇಳುವಷ್ಟೇ ಹಗುರಾಗಿ. ನಾಲ್ಕೈದು ಏಟಿಗೊಮ್ಮೆ ಮಗ್ಗುಲು ಬದಲಿಸಿ, ಅಲಗು ಆಡಿಸಿ ನೋಡಿ. ಹಿತ್ತಾಳೆ ಬಡಿದಷ್ಟೂ ಗಡಸಾಗುತ್ತದೆ, ಕೊನೆಗೆ ತಲೆಯ ಅಂಚು ಬಿರಿಯುತ್ತದೆ. ಬಿರಿದ ತಲೆಯನ್ನು ಸಮಾಧಾನ ಮಾಡಲು ಹೋಗದೆ ಪಿನ್ ಬದಲಿಸಿ.

ಅತಿಯಾಗಿ ಬಿಗಿದ ಕೀಲಿಗೆ ಎಣ್ಣೆಯ ಒಂದು ತೊಟ್ಟು ಬಿಟ್ಟು ಅಲಗನ್ನು ನಿಧಾನವಾಗಿ ಆಡಿಸುತ್ತ ಒಂದೆರಡು ದಿನ ನೋಡುವುದು ಮೊದಲ ಕೆಲಸ. ಸಡಿಲಗೊಂಡದ್ದನ್ನು ಎರಡು ಕಡೆಗೂ ಒಂದೆರಡು ಹಗುರ ಏಟು ಸರಿಮಾಡುತ್ತದೆ. ಅದೇ ಕೀಲು ಪದೇ ಪದೇ ಸಡಿಲವಾದರೆ ಏಟಿನ ಕೊರತೆಯಲ್ಲ: ವಾಷರ್ ಇಲ್ಲದ ತಲೆ ಮರಕ್ಕೆ ಇಳಿಯುತ್ತಿದೆ, ಇಲ್ಲವೇ ಮರ ಸರಿಯಾಗಿ ಒಣಗಿರಲಿಲ್ಲ, ಈಗ ಕುಗ್ಗುತ್ತಿದೆ.

ಪಿನ್ ಬಿಚ್ಚುವಾಗ ಒಂದು ಕಡೆಯ ತಲೆಯನ್ನು ಸಣ್ಣ ಅರದಿಂದ ವಾಷರಿನ ಮಟ್ಟಕ್ಕೆ ತೇಯಿರಿ. ಆಮೇಲೆ ತೂತಿರುವ ಮರದ ತುಂಡಿನ ಮೇಲೆ ಇಟ್ಟು, ಕಡ್ಡಿಗಿಂತ ತೆಳುವಾದ ಪಂಚಿನಿಂದ ಹೊರಕ್ಕೆ ತಳ್ಳಿ. ಬಾರದಿದ್ದರೆ ತಲೆ ಇನ್ನೂ ಉಳಿದಿದೆ ಎಂದೇ ಅರ್ಥ. ಜೋರು ಹೊಡೆದರೆ ಪಟ್ಟಿ ಹೋಯಿತು.

ತೂತಿನಿಂದ ಸೀಳು

ಸೀಳು ಯಾವಾಗಲೂ ಎಳೆಯ ಗುಂಟ ಓಡುತ್ತದೆ. 1.5 ಮಿ.ಮೀ. ತೂತಿಗೆ 1.6ರ ಕಡ್ಡಿ ತುರುಕಿದ್ದು ಒಂದು ಕಾರಣ. ಭಾರಿ ಏಟಿಗೆ ಕಡ್ಡಿ ವಾಷರಿನ ಮೇಲಲ್ಲದೆ ಮರದ ಒಳಗೇ ಉಬ್ಬಿ ಬೆಣೆಯಂತೆ ಸೀಳುವುದು ಇನ್ನೊಂದು. ತೂತು ಅಂಚಿಗೆ ತೀರ ಹತ್ತಿರವಿದ್ದರೆ ಎರಡರ ಅಗತ್ಯವೂ ಇಲ್ಲ. ಕರಿಮರ, ಮೂಳೆ ಇವು ತಡೆದುಕೊಳ್ಳುವುದು ಕಡಿಮೆ. ಸಾಗುವಾನಿ ತುಸು ಕ್ಷಮಿಸುತ್ತದೆ. ಕೂದಲಂಥ ಸೀಳಾದರೆ ಪಿನ್ ತೆಗೆದು, ನೀರಿನಂತೆ ತೆಳುವಾದ ಸೂಪರ್ ಗ್ಲೂ ಹನಿಸಿ, ಅದುಮಿ ಹಿಡಿದು, ಗಟ್ಟಿಯಾದ ಮೇಲೆ ತೂತನ್ನು ಮತ್ತೆ ಬಿಡಿಸಿ. ವಾಷರಿನ ಆಚೆಗೂ ಸೀಳು ಕಂಡರೆ ಆ ಪಟ್ಟಿಯ ಆಸೆ ಬಿಡಿ.

ಮಳೆಗಾಲ ಬಂದ ಮೇಲೆ ಕೆಟ್ಟರೆ

ಚಳಿಗಾಲದಲ್ಲಿ ಬಳ್ಳಾರಿಯಲ್ಲಿ ಸರಿಯಾಗಿದ್ದ ಹಿಡಿ ಆಷಾಢದಲ್ಲಿ ಮಂಗಳೂರಿಗೆ ಹೋದರೆ ಬೇರೆಯೇ ಆಗುತ್ತದೆ. ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲ. ಹೊರಮುಖಕ್ಕೆ ಮಾತ್ರ ಪಾಲಿಶ್ ಬಳಿದು ಒಳಮುಖವನ್ನು ಬರಿದೇ ಬಿಟ್ಟಿದ್ದರೆ ತೇವ ಒಳಗಿನಿಂದ ಸೇರುತ್ತದೆ, ಆ ಮುಖ ಉಬ್ಬಿ ನಡುವಿನ ಜಾಗ ಕಿರಿದಾಗುತ್ತದೆ. ಒಳಮುಖಕ್ಕೂ, ತೂತಿನ ಒಳಗೂ, ತುದಿಯ ಅಡ್ಡ ಎಳೆಗೂ ಅಷ್ಟೇ ಲೇಪ ಬೇಕು. ಪಿನ್ ಬಡಿದ ಮೇಲೆ ಒಳಗೆ ಬ್ರಶ್ ಹೋಗದು, ಮೊದಲೇ ಮಾಡಬೇಕು.

ಎಮ್ಮೆ ಕೊಂಬು ಕೂಡ ನೀರಿಗೆ ಬಗ್ಗುವ ಜಾತಿಯೇ. ಆದರೆ ಬಿಸಿಗೆ ಮೆತ್ತಗಾಗುವುದರಿಂದ ರಿಪೇರಿ ಸುಲಭ: ಪಟ್ಟಿ ಬಿಚ್ಚಿ, ಬಿಸಿ ನೀರಿನಲ್ಲಿ ಮೆದುವಾಗಿಸಿ, ಎರಡು ಸಮತಟ್ಟು ಹಲಗೆಗಳ ನಡುವೆ ವೈಸಿನಲ್ಲಿ ಬಿಗಿದು ಪೂರ್ತಿ ಆರಲು ಬಿಡಿ. ಬಿಸಿಯಿರುವಾಗ ತೆಗೆದರೆ ಹಳೆಯ ಬಾಗಿಗೇ ಮರಳುತ್ತದೆ. ಕೊಂಬಿನಲ್ಲಿ ಸಣ್ಣ ಗುಳಿಗಳು ಕಂಡರೆ ಅದು ಹುಳ ತಿಂದದ್ದು, ಉಗುರಿನ ಜಾತಿಯ ವಸ್ತುವೇ ಆದ ಕೊಂಬು ಅವಕ್ಕೆ ಆಹಾರ. ಬೀಟೆ, ಮೂಳೆ, ಗಾಜುನಾರಿನ ಹಲಗೆ ಯಾವುದನ್ನೇ ಉಜ್ಜುವಾಗಲೂ ಮಾಸ್ಕ್ ಇರಲಿ. ಬೀಟೆಯ ಪುಡಿ ಕೆಲವರ ಚರ್ಮಕ್ಕೂ ಆಗಿಬರುವುದಿಲ್ಲ.

ಒರೆಸಿಟ್ಟರೂ ತುಕ್ಕು ಬರುತ್ತಿದ್ದರೆ

ಅಲಗನ್ನು ಒಣಗಿಸಿ ಇಟ್ಟರೂ, ಮಡಚಿದಾಗ ಹಿಡಿಯೊಳಗೆ ಅಡಗುವ ಭಾಗಕ್ಕೆ ಮಾತ್ರ ತುಕ್ಕು ಹತ್ತುತ್ತಿದ್ದರೆ, ಹಿಡಿ ಹಳೆಯದಾಗಿದ್ದರೆ, ಮೂಸಿ ನೋಡಿ. ಕರ್ಪೂರದ ವಾಸನೆ ಇದ್ದರೆ ಅದು ಸೆಲ್ಯುಲಾಯ್ಡ್. ಸೆಲ್ಯುಲೋಸ್ ನೈಟ್ರೇಟಿಗೆ ಕರ್ಪೂರ ಬೆರೆಸಿ ಮಾಡುವ ಈ ವಸ್ತು 19ನೆಯ ಶತಮಾನದ ಕೊನೆಯಿಂದ ಆಮೆಚಿಪ್ಪಿಗೂ ದಂತಕ್ಕೂ ಬದಲಿಯಾಗಿ ಕತ್ತಿಯ ಹಿಡಿಗಳಿಗೆ ಬಂತು. ಕೆಡಲು ಶುರುವಾದರೆ ಸಾರಜನಕದ ಆಕ್ಸೈಡು ಅನಿಲ ಬಿಡುತ್ತದೆ, ಅದು ಗಾಳಿಯ ತೇವದೊಡನೆ ಕೂಡಿ ನೈಟ್ರಿಕ್ ಆಮ್ಲವಾಗುತ್ತದೆ. ಪಿನ್ನಿನ ಸುತ್ತ ಹಸಿರು, ಪಟ್ಟಿಯಲ್ಲಿ ಜಾಲದಂಥ ಬಿರುಕು ಅದರ ಮುಂದಿನ ಹಂತ. ಇದಕ್ಕೆ ಲೇಪವಿಲ್ಲ, ಔಷಧವಿಲ್ಲ. ಅಲಗನ್ನು ಅಂದೇ ಬಿಚ್ಚಿ ತೆಗೆಯಿರಿ, ಆ ಪಟ್ಟಿಗಳನ್ನು ಬೇರೆ ಕತ್ತಿಗಳಿರುವ ಪೆಟ್ಟಿಗೆಯಲ್ಲಿ ಇಡಬೇಡಿ. ಪಕ್ಕದ ಅಲಗಿಗೂ ತುಕ್ಕು ಹತ್ತುತ್ತದೆ. ಮಾದರಿಗೆಂದು ಹಳೆಯ ಪಟ್ಟಿಯ ಆಕಾರ ಬೇಕಿದ್ದರೆ ಕಾಗದದ ಮೇಲೆ ಸುತ್ತ ಗೆರೆ ಎಳೆದು, ಎರಡು ತೂತುಗಳ ಅಂತರ ಬರೆದುಕೊಂಡರೆ ಸಾಕು. ಅರ, ಡ್ರಿಲ್ ಯಾವುದನ್ನೂ ಅದಕ್ಕೆ ತಗುಲಿಸಬೇಡಿ, ಅದರ ಪುಡಿ ಕಿಡಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ.